ಅಡುಗೆಮನೆಯ ಪುಲ್ಲಿ ಮತ್ತು ನಮ್ಮ ಎರಡು ವರ್ಷದ ಎಡಿನ್‌ಬರೋ

ನಾನು ಮೈಸೂರಿನವಳು. ಮದುವೆಯಾಗಿ ಅಮೆರಿಕಕ್ಕೆ ಹೋಗಿ, ಅರಿಜೋನಾದ ಫೀನಿಕ್ಸ್‌ನಲ್ಲಿ ಮನೆ ಮಾಡಿ, ಅಲ್ಲಿನ ಪಾಸ್‌ಪೋರ್ಟೂ ತಗೊಂಡವಳು. ಮಕ್ಕಳಿಬ್ಬರೂ ಅಲ್ಲೇ ಹುಟ್ಟಿದವರು. ನಮ್ಮವರಿಗೆ ಸ್ಕಾಟ್ಲೆಂಡಿನ ಎಡಿನ್‌ಬರೋದಲ್ಲಿ ಎರಡು ವರ್ಷದ ಕೆಲಸ ಸಿಕ್ಕಿತು. 2024ರ ಜುಲೈ ಕೊನೆಯಲ್ಲಿ ನಾಲ್ಕು ಜನ, ಎಂಟು ಸೂಟ್‌ಕೇಸ್ ಸಮೇತ ಬಂದಿಳಿದೆವು.

"ಎರಡೇ ವರ್ಷ ತಾನೆ" ಅನ್ನುವುದು ಆಗ ನಮ್ಮ ಬಾಯಲ್ಲಿ ದಿನಾ ಬರುತ್ತಿದ್ದ ಮಾತು. ಇಲ್ಲಿ ಏನೂ ಕೊಳ್ಳುವುದು ಬೇಡ, ಅಲ್ಲಿಂದ ತಂದಿದ್ದರಲ್ಲೇ ಕಳೆಯೋಣ ಅಂದುಕೊಂಡಿದ್ದೆವು. ಮೊದಲ ಮೂರು ತಿಂಗಳು ನಾವು ಪಟ್ಟ ಪಾಡಿಗೆಲ್ಲ ಇದೇ ಕಾರಣ.

ಮಿಕ್ಸಿಯ ಕಥೆ ಕೇಳಿ. ಅಮೆರಿಕದ ಇಂಡಿಯನ್ ಅಂಗಡಿಯಲ್ಲಿ ಕೊಂಡ 110 ವೋಲ್ಟಿನ ಮಿಕ್ಸಿಯನ್ನು ಸೀರೆಯಲ್ಲಿ ಸುತ್ತಿ ತಂದಿದ್ದೆ. ಇಲ್ಲಿನ ಕರೆಂಟ್ 230 ವೋಲ್ಟ್. ನೇರವಾಗಿ ಹಾಕಿದರೆ ಮೋಟಾರ್ ಸುಟ್ಟೇ ಹೋಗುತ್ತದೆ. ಅಷ್ಟು ವ್ಯಾಟ್ ತಡೆಯುವ ಟ್ರಾನ್ಸ್‌ಫಾರ್ಮರ್ ಮಿಕ್ಸಿಗಿಂತ ಭಾರ. ಕೊನೆಗೆ ಅಕ್ಟೋಬರ್‌ನಲ್ಲಿ ಬಂದ ಅಮ್ಮ ಮೈಸೂರಿನಿಂದ ಒಂದು ಮಿಕ್ಸಿ ತಂದರು. ಊರಿನ ಕರೆಂಟೂ ಇದೇ ಅಳತೆಯದು, ಪ್ಲಗ್ಗಿಗೆ ಅಡಾಪ್ಟರ್ ಹಾಕಿದರೆ ಮುಗಿಯಿತು. ಅಮೆರಿಕದಿಂದ ಇಲ್ಲಿಗೆ ಬರುವವರು ಅಡುಗೆಮನೆಯ ಕರೆಂಟ್ ಸಾಮಾನನ್ನೆಲ್ಲ ಅಲ್ಲೇ ಬಿಟ್ಟು ಬನ್ನಿ. ಕುಕ್ಕರ್ ಮಾತ್ರ ತನ್ನಿ. ಇಲ್ಲಿನ ನೀರು ತುಂಬಾ ಮೆದು. ಫೀನಿಕ್ಸಿನ ಗಡಸು ನೀರಿನಲ್ಲಿ ತೊಗರಿಬೇಳೆಗೆ ಐದು ಕೂಗು ಬೇಕಿತ್ತು, ಇಲ್ಲಿ ಮೂರಕ್ಕೇ ಬೆಣ್ಣೆಯ ಹಾಗೆ ಬೇಯುತ್ತದೆ.

ಬಾಡಿಗೆ ಮನೆ ಹುಡುಕಲು ಆಗಸ್ಟ್ ಒಳ್ಳೆಯ ತಿಂಗಳಲ್ಲ. ಉತ್ಸವಗಳ ಕಾಲ ಅದು, ಊರು ತುಂಬಿರುತ್ತದೆ. ಒಬ್ಬ ಏಜೆಂಟ್ ಕಾಗದಪತ್ರದ ಖರ್ಚು ಅಂತ 150 ಪೌಂಡ್ ಕೇಳಿದ. ಸ್ಕಾಟ್ಲೆಂಡಿನಲ್ಲಿ ಬಾಡಿಗೆ ಮತ್ತು ಡಿಪಾಸಿಟ್ ಬಿಟ್ಟು ಬೇರೆ ಶುಲ್ಕ ಕೇಳುವಂತಿಲ್ಲ ಅಂತ ಓದಿದ್ದೆ, ಹಾಗೇ ಹೇಳಿದೆ. ಸುಮ್ಮನಾದ. ಡಿಪಾಸಿಟ್ ಎರಡು ತಿಂಗಳ ಬಾಡಿಗೆ ಮೀರುವ ಹಾಗಿಲ್ಲ. ಅದನ್ನು ಮನೆ ಮಾಲೀಕರು ತಮ್ಮ ಹತ್ತಿರ ಇಟ್ಟುಕೊಳ್ಳುವಂತೆಯೂ ಇಲ್ಲ, ಸರ್ಕಾರ ಒಪ್ಪಿದ ಸಂಸ್ಥೆಯಲ್ಲಿ ಇಡಬೇಕು. ನಾವು ಮನೆ ಬಿಡಬೇಕಾದರೆ ಸಾಮಾನ್ಯವಾಗಿ 28 ದಿನ ಮುಂಚೆ ತಿಳಿಸಿದರೆ ಸಾಕು. ನಮ್ಮಂಥ ತಾತ್ಕಾಲಿಕದವರಿಗೆ ಇದು ದೊಡ್ಡ ಅನುಕೂಲ.

ಕೊನೆಗೆ ಮಾರ್ಚ್‌ಮಂಟ್‌ನಲ್ಲಿ ಮನೆ ಸಿಕ್ಕಿತು. ನೂರು ವರ್ಷ ದಾಟಿದ ಕಲ್ಲಿನ ಕಟ್ಟಡ, ಎಲ್ಲರಿಗೂ ಒಂದೇ ಮೆಟ್ಟಿಲ ಸಾಲು, ನಮ್ಮದು ಮೇಲಿನ ಮಹಡಿ. ಬಟ್ಟೆ ಒಣಗಿಸುವ ಮೆಷಿನ್ ಇರಲಿಲ್ಲ. ಅಡುಗೆಮನೆಯ ಛಾವಣಿಗೆ ನಾಲ್ಕು ಉದ್ದನೆಯ ಮರದ ಕೋಲು ತೂಗುಹಾಕಿದ್ದರು. ಎರಡು ತುದಿಗೂ ಕಬ್ಬಿಣದ ಚೌಕಟ್ಟು. ಹಗ್ಗ ರಾಟೆಯ ಮೇಲೆ ಹಾದು ಗೋಡೆಯ ಕೊಕ್ಕೆಗೆ ಬರುತ್ತದೆ. ಇಲ್ಲಿಯವರು ಇದಕ್ಕೆ 'ಪುಲ್ಲಿ' ಅಂತಲೇ ಅನ್ನುತ್ತಾರೆ. ನೋಡಿದ ಕೂಡಲೇ ನನಗೆ ಅಜ್ಜಿಯ ಮನೆ ನೆನಪಾಯಿತು. ಅಲ್ಲಿ ನಡುಮನೆಯ ತೊಲೆಗೆ ಬಿದಿರಿನ ಗಳ ಕಟ್ಟಿ, ಅಜ್ಜಿ ಕೋಲಿನಿಂದ ಮಡಿ ಸೀರೆ ಹರಡುತ್ತಿದ್ದರು. ಇಲ್ಲಿ ಗಳವೇ ಕೆಳಗಿಳಿದು ಬರುತ್ತದೆ, ಅಷ್ಟೇ ವ್ಯತ್ಯಾಸ.

ಅದನ್ನು ಬಳಸುವುದು ಕಲಿಯಲು ಒಂದು ತಿಂಗಳು ಹಿಡಿಯಿತು. ಒಗ್ಗರಣೆ ಹಾಕಿದರೆ ಘಮಲೆಲ್ಲ ಮೇಲಿದ್ದ ಶರ್ಟುಗಳಿಗೆ ಹತ್ತುತ್ತಿತ್ತು. ಮಗಳು ಶಾಲೆಯಿಂದ ಬಂದು "ಅಮ್ಮಾ, ನನ್ನ ಸ್ವೆಟರ್ ಇಂಗಿನ ವಾಸನೆ" ಅಂತ ಅತ್ತಳು. ಈಗ ರಾತ್ರಿ ಅಡುಗೆ ಮುಗಿದ ಮೇಲೆ ಬಟ್ಟೆ ಒಗೆದು ಏರಿಸುತ್ತೇನೆ. ತೆಳು ಬಟ್ಟೆ ಬೆಳಗ್ಗೆ ಒಲೆ ಹಚ್ಚುವ ಮುಂಚೆ ಇಳಿಯುತ್ತದೆ. ಜೀನ್ಸಿಗೆ ಎರಡು ದಿನ ಬೇಕು, ಅದನ್ನು ಬೇರೆ ಕೋಣೆಯ ಸ್ಟ್ಯಾಂಡಿಗೆ ಹಾಕುತ್ತೇನೆ. ಕೆಳಗಿನ ಮನೆಯ ಅಜ್ಜಿ ಒಂದು ದಿನ ಬಂದು, "ಚಳಿ ಇದ್ದರೂ ಕಿಟಕಿ ಒಂದು ಬೆರಳಷ್ಟು ತೆಗೆದಿಡು, ಹೆನ್" ಅಂದರು. 'ಹೆನ್' ಅಂದರೆ ನಮ್ಮಲ್ಲಿ ಹಿರಿಯರು 'ಮಗಳೇ' ಅನ್ನುವ ಹಾಗೆ. ಅವರ ಮಾತು ಕೇಳದಿದ್ದ ಮೊದಲ ಚಳಿಗಾಲದಲ್ಲಿ ಮಲಗುವ ಕೋಣೆಯ ಮೂಲೆಯಲ್ಲಿ ಕಪ್ಪಗೆ ಬೂಷ್ಟು ಹಿಡಿದಿತ್ತು. ಆಮೇಲೆ ಕಿಟಕಿ ತೆಗೆದೆ, ತೇವ ಹೀರುವ ಮೆಷಿನ್ನೂ ಒಂದು ಕೊಂಡೆ.

ಇದೇ ಅಜ್ಜಿ ಮೊದಲ ಸಲ ಮೆಟ್ಟಿಲ ಮೇಲೆ ಸಿಕ್ಕಾಗ ಮಗನನ್ನು "ವೇರ್ ಡು ಯೂ ಸ್ಟೇ?" ಅಂತ ಕೇಳಿದ್ದರು. ಫೀನಿಕ್ಸಿನಲ್ಲಿ ಬೆಳೆದ ಹುಡುಗ, 'ಸ್ಟೇ' ಅಂದರೆ ಅವನ ಪಾಲಿಗೆ ಹೋಟೆಲ್. "ನಾವು ಹೋಟೆಲಲ್ಲಿ ಇಲ್ಲ, ಮನೆ ಇದೆ" ಅಂದ. ನನಗೆ ಮಾತ್ರ ತಟ್ಟನೆ ಅರ್ಥವಾಯಿತು. ಬೆಂಗಳೂರಿನಲ್ಲೂ "ಎಲ್ಲಿ ಸ್ಟೇ ಮಾಡ್ತೀರಾ" ಅಂತಲೇ ಕೇಳ್ತಾರೆ, ಅಲ್ವಾ?

ಕಾರು ಕೊಳ್ಳಲಿಲ್ಲ. ಅಮೆರಿಕದ ಲೈಸೆನ್ಸಿನಲ್ಲಿ ಒಂದು ವರ್ಷ ಓಡಿಸಬಹುದು, ಆಮೇಲೆ ಇಲ್ಲಿನ ಪರೀಕ್ಷೆ ಬರೆದು, ಓಡಿಸಿ ತೋರಿಸಿ ಪಾಸಾಗಬೇಕು. ಅದಕ್ಕಿಂತ ಮಕ್ಕಳಿಗೆ ಬಸ್ ಕಾರ್ಡ್ ಮಾಡಿಸಿದ್ದು ಜಾಸ್ತಿ ಉಪಯೋಗಕ್ಕೆ ಬಂತು. ಸ್ಕಾಟ್ಲೆಂಡಿನಲ್ಲಿ ಇರುವ 5ರಿಂದ 21 ವರ್ಷದವರಿಗೆಲ್ಲ ಬಸ್ ಉಚಿತ. ಫೀನಿಕ್ಸಿನಲ್ಲಿ ದಿನಾ ಶಾಲೆಯ ಮುಂದೆ ಕಾರಿನ ಸಾಲಿನಲ್ಲಿ ಕಾಯುತ್ತಿದ್ದವಳು ನಾನು. ಇಲ್ಲಿ ಹನ್ನೆರಡು ವರ್ಷದ ಮಗಳು ಒಬ್ಬಳೇ ಬಸ್ಸಿಗೆ ಹೋದ ಮೊದಲ ದಿನ, ಅವಳ ಕೆಂಪು ಬ್ಯಾಗು ತಿರುವಿನಲ್ಲಿ ಮರೆಯಾಗುವವರೆಗೂ ಕಿಟಕಿಯಲ್ಲಿ ನಿಂತಿದ್ದೆ. ಈಗ ಇಳಿಯುವಾಗ ಡ್ರೈವರ್‌ಗೆ ಥ್ಯಾಂಕ್ಸ್ ಹೇಳುವುದು ಅವಳಿಗೆ ಅಭ್ಯಾಸ. ಇಲ್ಲಿ ಎಲ್ಲರೂ ಹೇಳುತ್ತಾರೆ.

ಬಂದ ವಾರವೇ ಡಾಕ್ಟರ ಹತ್ತಿರ ಹೆಸರು ನೋಂದಾಯಿಸಿ. ವೀಸಾ ಜೊತೆಗೇ ಆರೋಗ್ಯದ ಶುಲ್ಕ ಕಟ್ಟಿರುತ್ತೀರಿ, ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್. ಮಗನಿಗೆ ಉಬ್ಬಸ. ಇನ್‌ಹೇಲರ್ ತರಲು ಹೋದಾಗ ನಾನು ಪರ್ಸ್ ತೆಗೆದು ನಿಂತಿದ್ದೆ. ಔಷಧಿ ಅಂಗಡಿಯವರು ಪೊಟ್ಟಣ ಕೊಟ್ಟು, ಮುಂದಿನವರನ್ನು ಕರೆದರು. ಸ್ಕಾಟ್ಲೆಂಡಿನಲ್ಲಿ 2011ರಿಂದ ಚೀಟಿ ಬರೆದುಕೊಟ್ಟ ಔಷಧಿಗೆ ದುಡ್ಡಿಲ್ಲ. ಅಮೆರಿಕದಲ್ಲಿ ಇದೇ ಇನ್‌ಹೇಲರಿಗೆ ಇನ್ಶೂರೆನ್ಸ್‌ನವರ ಜೊತೆ ಫೋನಿನಲ್ಲಿ ಕಳೆದ ಮಧ್ಯಾಹ್ನಗಳು ನೆನಪಾಗಿ, ಹೊರಗೆ ಬಂದು ಸ್ವಲ್ಪ ಹೊತ್ತು ಹಾಗೇ ನಿಂತೆ.

ಡಿಸೆಂಬರ್ ಕಷ್ಟ, ಮುಚ್ಚಿಡುವುದಿಲ್ಲ. ಸೂರ್ಯ ಎಂಟೂ ಮುಕ್ಕಾಲಿಗೆ ಬಂದು ಮಧ್ಯಾಹ್ನ ಮೂರೂ ಮುಕ್ಕಾಲರ ಒಳಗೆ ಹೋಗಿಬಿಡುತ್ತಾನೆ. ಬಿಸಿಲಿನ ಊರಿನಿಂದ ಬಂದ ನಮಗೆ ಮೈಯಲ್ಲೇ ಏನೋ ಕಡಿಮೆಯಾದ ಹಾಗಾಗುತ್ತಿತ್ತು. ದಿನಾ 10 ಮೈಕ್ರೋಗ್ರಾಂ ವಿಟಮಿನ್ ಡಿ ತಗೊಳ್ಳುತ್ತೇವೆ. ಮಳೆಯೋ ಗಾಳಿಯೋ, ಊಟದ ಹೊತ್ತಿಗೆ ಮೆಡೋಸ್ ಮೈದಾನದಲ್ಲಿ ಅರ್ಧ ಗಂಟೆ ನಡೆಯುತ್ತೇನೆ. ಛತ್ರಿ ಈ ಗಾಳಿಗೆ ನಿಲ್ಲುವುದಿಲ್ಲ, ಟೋಪಿ ಇರುವ ಒಳ್ಳೆಯ ರೇನ್‌ಕೋಟಿಗೆ ದುಡ್ಡು ಹಾಕಿ.

ತೆರಿಗೆಯದು ಒಂದೇ ಮಾತು. ಅಮೆರಿಕದ ಪ್ರಜೆ ಎಲ್ಲಿದ್ದರೂ ಅಲ್ಲಿಗೆ ಲೆಕ್ಕ ಕೊಡಬೇಕು. ಹೊರದೇಶದ ಖಾತೆಗಳಲ್ಲಿ ಒಟ್ಟು ಹಣ ವರ್ಷದ ಯಾವುದೇ ದಿನ 10,000 ಡಾಲರ್ ದಾಟಿದರೆ ಅದನ್ನು ಬೇರೆಯಾಗಿ ತಿಳಿಸಬೇಕು. ಮೈಸೂರಿನ ಬ್ಯಾಂಕ್ ಖಾತೆಯೂ ಆ ಲೆಕ್ಕಕ್ಕೆ ಸೇರುತ್ತದೆ, ಮರೆಯಬೇಡಿ.

ಬರುವ ಜುಲೈಗೆ ನಾವು ಫೀನಿಕ್ಸಿಗೆ ವಾಪಸ್. ಹೋದ ವಾರ ಪುಲ್ಲಿಯ ಹಗ್ಗ ಸವೆದು ಎಳೆ ಬಿಡುತ್ತಿತ್ತು. ಮನೆ ಮಾಲೀಕರನ್ನು ಕೇಳಿ, ಹೊಸ ಹಗ್ಗ ತಂದು, ನಮ್ಮವರೂ ಮಗನೂ ಏಣಿ ಹತ್ತಿ ಕಟ್ಟಿದರು. ಅಜ್ಜಿ ಕೆಳಗಿನಿಂದ ಬಂದು ಗಂಟು ಎಳೆದು ನೋಡಿದರು. ನಮ್ಮ ಆಮೇಲೆ ಬರುವವರಿಗೂ ಬಟ್ಟೆ ಒಣಗಬೇಕಲ್ಲ.