ಗುಮ್ಮನಗುಸುಕ ದೊಡ್ಡಪ್ಪನನ್ನು ಅರಿಯುವುದು ಹೇಗೆ?

ತೀರ್ಥಹಳ್ಳಿ ಕಡೆಯ ಯಾವುದೋ ಒಂದು ಮನೆಯ ದೊಡ್ಡಪ್ಪನನ್ನು ಉದಾಹರಣೆಗೆ ಇಟ್ಟುಕೊಳ್ಳೋಣ. ಮದುವೆ ಮನೆಯಲ್ಲಿ ಕಂಬಕ್ಕೊರಗಿ ಕುಳಿತರೆ ಊಟಕ್ಕೆ ಎಬ್ಬಿಸುವವರೆಗೂ ಅವರು ತುಟಿ ಬಿಚ್ಚುವುದಿಲ್ಲ. ಅದೇ ದೊಡ್ಡಪ್ಪ ಸುಗ್ಗಿಯ ರಾತ್ರಿ ಚಪ್ಪರದಡಿ ಮೆಟ್ಟುಗತ್ತಿ ಮೆಟ್ಟಿ ಅಡಿಕೆ ಸುಲಿಯಲು ಕುಳಿತರೆಂದರೆ, ಹುಲಿ ಕೊಟ್ಟಿಗೆಗೆ ನುಗ್ಗಿದ ಕಥೆಯಿಂದ ಹಿಡಿದು ಊರಿನ ಹಳೆಯ ವ್ಯಾಜ್ಯಗಳವರೆಗೆ ಮಾತು ಸರಿರಾತ್ರಿ ದಾಟುತ್ತದೆ. ನೆಂಟರ ಪಾಲಿಗೆ ಅವರು ಗುಮ್ಮನಗುಸುಕ. ಸುಲಿಯಲು ಬರುವ ಹೆಂಗಸರನ್ನು ಕೇಳಿದರೆ, 'ಗೌಡ್ರ ಬಾಯಿ ನಿಲ್ಲೋದೇ ಇಲ್ಲ' ಎಂದು ನಗುತ್ತಾರೆ. ಇಂಥ ಒಬ್ಬರ ವ್ಯಕ್ತಿತ್ವವನ್ನು ಮನಶ್ಶಾಸ್ತ್ರಜ್ಞರು ಹೇಗೆ ನೋಡುತ್ತಾರೆ, ಅದರಲ್ಲಿ ನಾವು ಮನೆಯಲ್ಲೇ ಮಾಡಿ ನೋಡಬಹುದಾದದ್ದು ಎಷ್ಟು ಎಂಬುದು ಇಲ್ಲಿನ ವಿಷಯ.

ಮೊದಲು ಒಂದು ಹಾಳೆಯಲ್ಲಿ ಅವರು ಏನು ಮಾಡುತ್ತಾರೆ ಎಂಬುದನ್ನಷ್ಟೇ ಬರೆಯಿರಿ. 'ಮುಂಗೋಪಿ', 'ಜಿಪುಣ' ಎಂಬ ಬಿರುದುಗಳು ಸದ್ಯಕ್ಕೆ ಬೇಡ. ಬಿರುದುಗಳಿಗೆ ಕೊನೆಯಿಲ್ಲ. ಮನಶ್ಶಾಸ್ತ್ರಜ್ಞರಾದ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಓಡ್‌ಬರ್ಟ್ 1936ರಲ್ಲಿ ಇಂಗ್ಲಿಷ್ ನಿಘಂಟನ್ನು ಜಾಲಾಡಿದಾಗ ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದಗಳು ಸಿಕ್ಕವು. ಆ ರಾಶಿಯಿಂದ ರೇಮಂಡ್ ಕ್ಯಾಟೆಲ್ 16 ಅಂಶಗಳನ್ನು ಹೆಕ್ಕಿದರು. ಮುಂದೆ ಅದು ಹೊಸದಕ್ಕೆ ಮನಸ್ಸು ತೆರೆಯುವುದು, ಶಿಸ್ತು, ಜನರೊಡನೆ ಬೆರೆಯುವ ಬಹಿರ್ಮುಖತೆ, ಹೊಂದಿಕೊಳ್ಳುವ ಗುಣ, ಬೇಗ ಕಳವಳಗೊಳ್ಳುವುದು ಎಂಬ ಐದಕ್ಕೆ ಬಂದು ನಿಂತಿತು. ಇದು ಗುಣಲಕ್ಷಣಗಳ ದೃಷ್ಟಿ. ಈ ಐದೂ ಎಲ್ಲರಲ್ಲಿಯೂ ಹೆಚ್ಚುಕಡಿಮೆ ಪ್ರಮಾಣದಲ್ಲಿ ಇರುವಂಥವು.

ಎರಡನೆಯದಾಗಿ, ಬರೆದ ಪ್ರತಿಯೊಂದು ವರ್ತನೆಯ ಪಕ್ಕದಲ್ಲಿ ಅದು ಎಲ್ಲಿ, ಯಾರ ಮುಂದೆ ನಡೆಯಿತು ಎಂದು ಗುರುತು ಹಾಕಿ. ವಾಲ್ಟರ್ ಮಿಶೆಲ್ 1968ರಲ್ಲಿ ಎತ್ತಿದ ತಕರಾರು ಇದೇ: ಗುಣದ ಅಳತೆಯೊಂದನ್ನೇ ನಂಬಿ ಒಂದು ನಿರ್ದಿಷ್ಟ ಸಂದರ್ಭದ ವರ್ತನೆಯನ್ನು ಊಹಿಸಲು ಹೋದರೆ ಲೆಕ್ಕ ಬಹಳಷ್ಟು ಸಲ ತಪ್ಪುತ್ತದೆ. ಆದರೆ 'ಇಂಥ ಕಡೆ ಹೀಗೆ, ಅಂಥ ಕಡೆ ಹಾಗೆ' ಎಂಬ ಏರಿಳಿತಕ್ಕೇ ಒಂದು ಸ್ಥಿರವಾದ ವಿನ್ಯಾಸವಿರುತ್ತದೆ ಎಂದು ಅವರು ಮತ್ತು ಯೂಇಚಿ ಶೋಡಾ 1995ರಲ್ಲಿ ವಾದಿಸಿದರು. ನೆಂಟರೂ ಸುಲಿಯುವವರೂ ಹೇಳಿದ್ದು ಎರಡೂ ನಿಜವಾಗುವುದು ಹೀಗೆ. ಕೈಗೆ ಕೆಲಸವಿದ್ದರೆ ದೊಡ್ಡಪ್ಪನಿಗೆ ಮಾತು ಬರುತ್ತದೆ. ಕೈ ಕಟ್ಟಿ ಕೂರಿಸಿದರೆ ಮಾತೂ ಕಟ್ಟುತ್ತದೆ.

ಬಾಲ್ಯವನ್ನು ಕೆದಕುವ ಹಂತದಲ್ಲಿ ಮಾತ್ರ ಕೈ ಬಿಗಿಹಿಡಿಯುವುದು ಒಳ್ಳೆಯದು. ಮನಸ್ಸನ್ನು ಬಯಕೆ, 'ನಾನು' ಎಂಬ ಅಹಂ, ಒಳಗಿನ ನ್ಯಾಯಾಧೀಶ ಎಂದು ಮೂರು ಭಾಗ ಮಾಡಿ 1923ರಲ್ಲಿ ಬರೆದ ಫ್ರಾಯ್ಡ್, ನಮಗೇ ತಿಳಿಯದ ಒಳತೋಟಿಗಳು ನಮ್ಮನ್ನು ನಡೆಸುತ್ತವೆ ಎಂದರು. ಆದರೆ ಆ ದಾರಿಯಲ್ಲಿ ಯಾವ ಮೌನಕ್ಕೂ ಯಾವ ಕಾರಣವನ್ನಾದರೂ ಅಂಟಿಸಬಹುದು. ಮನೆಮಂದಿ ಪತ್ತೇದಾರಿಕೆಗೆ ಇಳಿದರೆ ಜಗಳವೇ ಗತಿ. ಕಲಿಕೆಯ ದೃಷ್ಟಿ ಇದಕ್ಕಿಂತ ಸರಳ: ಯಾವುದಕ್ಕೆ ಮೆಚ್ಚುಗೆ ಸಿಕ್ಕಿತು, ಯಾರನ್ನು ನೋಡಿ ಕಲಿತರು ಎಂದು ಕೇಳಿದರೆ ಸಾಕು. ದೊಡ್ಡವರು ಬೊಂಬೆಗೆ ಹೊಡೆಯುವುದನ್ನು ಕಂಡ ಮಕ್ಕಳು ತಾವೂ ಹಾಗೆಯೇ ಹೊಡೆದದ್ದನ್ನು ಆಲ್ಬರ್ಟ್ ಬಂಡೂರ 1961ರ ಪ್ರಯೋಗದಲ್ಲಿ ತೋರಿಸಿದ್ದರು.

ನನಗೆ ಹೆಚ್ಚು ಉಪಯುಕ್ತವೆನಿಸಿರುವುದು ಜಾರ್ಜ್ ಕೆಲ್ಲಿ 1955ರಲ್ಲಿ ಮಂಡಿಸಿದ ವಿಧಾನ. ಜನರನ್ನು ನಮ್ಮ ಅಳತೆಗೋಲಿನಿಂದ ಅಳೆಯುವ ಮೊದಲು ಅವರ ಅಳತೆಗೋಲು ಯಾವುದೆಂದು ಕೇಳಬೇಕು ಎಂಬುದು ಅದರ ತಿರುಳು. ಮೂರು ಚೀಟಿಗಳಲ್ಲಿ ದೊಡ್ಡಪ್ಪನಿಗೆ ಗೊತ್ತಿರುವ ಮೂವರ ಹೆಸರು ಬರೆಯಿರಿ: ತಮ್ಮ, ಅಡಿಕೆ ಕೊನೆ ತೆಗೆಯುವವನು, ಬೆಂಗಳೂರಿನ ಅಳಿಯ. 'ಇವರಲ್ಲಿ ಯಾವ ಇಬ್ಬರು ಒಂದೇ ಥರ, ಮೂರನೆಯವರು ಹೇಗೆ ಬೇರೆ?' ಎಂದು ಕೇಳಿ. ತಮ್ಮ ಮತ್ತು ಅಳಿಯ ಓದಿದವರು ಎಂಬ ಉತ್ತರವನ್ನು ನೀವು ನಿರೀಕ್ಷಿಸಿರುತ್ತೀರಿ. ಅವರು ತಮ್ಮನ ಚೀಟಿಯನ್ನು ಪಕ್ಕಕ್ಕೆ ಸರಿಸಿ, 'ಇವರಿಬ್ರು ಹೇಳಿದ ಹೊತ್ತಿಗೆ ಬರ್ತಾರೆ, ಇವನು ಬರೋದಿಲ್ಲ' ಎನ್ನಬಹುದು. ಹಾಗಾದರೆ ಅವರ ಅಳತೆ ಓದಲ್ಲ, ಹೊತ್ತು. ಹೆಸರುಗಳನ್ನು ಬದಲಿಸುತ್ತ ಏಳೆಂಟು ಸಲ ಕೇಳಿ, ಕೊನೆಗೆ ಅವರ ಹೆಸರಿನ ಚೀಟಿಯನ್ನೂ ಸೇರಿಸಿ. ಉತ್ತರವನ್ನು ತಿದ್ದದೆ, ತೀರ್ಪು ಕೊಡದೆ ಕೇಳಿಸಿಕೊಳ್ಳುವುದು ಮಾನವತಾವಾದಿ ಮನಶ್ಶಾಸ್ತ್ರಜ್ಞ ಕಾರ್ಲ್ ರೋಜರ್ಸ್ ಒತ್ತಿ ಹೇಳಿದ ಮಾತು. ಇಲ್ಲಿ ಅದು ಬೇಕೇ ಬೇಕು.

ಇನ್ನು 'ಅಪ್ಪನ ಹಾಗೇ' ಎಂಬ ರಕ್ತದ ಮಾತು. ಅವಳಿಗಳ ಅಧ್ಯಯನಗಳ ಪ್ರಕಾರ ಜನರ ನಡುವಿನ ವ್ಯಕ್ತಿತ್ವದ ವ್ಯತ್ಯಾಸದಲ್ಲಿ ಅನುವಂಶೀಯತೆಯ ಪಾಲು ಸುಮಾರು ಶೇ 40ರಿಂದ 50. ಇದನ್ನು ಒಬ್ಬರ ಸ್ವಭಾವದ ಅರ್ಧ ಭಾಗ ಎಂದು ಓದಬಾರದು. ಇಡೀ ತೋಟದ ಇಳುವರಿಯ ಏರುಪೇರಿನಲ್ಲಿ ತಳಿಯ ಪಾಲೆಷ್ಟೆಂದು ಲೆಕ್ಕ ಹಾಕಬಹುದೇ ಹೊರತು, ಒಂದು ಮರದ ಒಂದು ಕೊನೆಯಲ್ಲಿ ಬೀಜದ್ದಿಷ್ಟು, ಗೊಬ್ಬರದ್ದಿಷ್ಟು ಎಂದು ಕಾಯಿ ಎಣಿಸಿ ಬೇರ್ಪಡಿಸಲಾಗದು.

ಹಾಳೆಯನ್ನು ಮಡಚಿಡುವ ಮೊದಲು ಒಂದು ಪ್ರಶ್ನೆಯನ್ನು ಮರೆಯಬೇಡಿ: ಈ ಮೌನ ಎಷ್ಟು ಹಳೆಯದು? ಮಾತಾಡುತ್ತಿದ್ದವರು ಕೆಲವು ವಾರಗಳಿಂದ ಸುಮ್ಮನಾಗಿ, ಊಟ ನಿದ್ದೆ ಕೆಟ್ಟು, ಚಪ್ಪರದ ಕಡೆಗೂ ಸುಳಿಯುತ್ತಿಲ್ಲವೆಂದರೆ ಅದನ್ನು ಸ್ವಭಾವದ ಖಾತೆಗೆ ಬರೆಯದೆ ವೈದ್ಯರಿಗೆ ತೋರಿಸಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ 14416ಕ್ಕೆ ಕರೆ ಮಾಡಿ ಕನ್ನಡದಲ್ಲೇ ವಿಚಾರಿಸಬಹುದು.