ಹೆಬ್ಬಾತಿನ ಬೇಟೆಗೆ ಪಂಪ್ ಕೋವಿ: ತೋಟಾ ಮೊದಲು, ಕೋವಿ ಆಮೇಲೆ

ಕೋವಿ ಅಂಗಡಿಗೆ ಹೋದವರು ಮೊದಲು ಕೋವಿ ಎತ್ತಿ ಭುಜಕ್ಕಿಟ್ಟು ನೋಡುತ್ತಾರೆ. ನಾನು ಮೊದಲು ನಿಂತದ್ದು ತೋಟಾ ಕಪಾಟಿನ ಮುಂದೆ. ಅಮೆರಿಕದಲ್ಲಿ ಬಾತು, ಹೆಬ್ಬಾತುಗಳ ಬೇಟೆಗೆ ಸೀಸದ ಚರೆ (ತೋಟಾದೊಳಗಿನ ಸಣ್ಣ ಗುಂಡುಗಳು) 1991ರಿಂದ ದೇಶದಾದ್ಯಂತ ನಿಷಿದ್ಧ. ಬಿಸ್ಮತ್, ಟಂಗ್‌ಸ್ಟನ್ ಚರೆಗಳು ಒಳ್ಳೆಯವೇ, ಆದರೆ ದುಬಾರಿ. ದಿನಬಳಕೆಗೆ ಉಳಿಯುವುದು ಉಕ್ಕು. ಉಕ್ಕಿನ ಚರೆ ಸೀಸಕ್ಕಿಂತ ಹಗುರ, ಬೇಗ ವೇಗ ಕಳೆದುಕೊಳ್ಳುತ್ತದೆ. ಸೀಸದಂತೆ ಒತ್ತಿದರೆ ನಜ್ಜಾಗುವುದೂ ಇಲ್ಲ. ಯಾವ ಚೇಂಬರ್ (ತೋಟಾ ಕೂರುವ ಗೂಡು), ಯಾವ ಚೋಕ್ (ನಳಿಗೆಯ ತುದಿಯ ಬಿಗಿ), ಎಷ್ಟು ತೂಕದ ಕೋವಿ ಎಂಬುದನ್ನೆಲ್ಲ ತೀರ್ಮಾನಿಸುವುದು ಈ ಎರಡು ಗುಣಗಳೇ.

ಮಿನ್ನೆಸೋಟದ ಕಟಾವಾದ ಮೆಕ್ಕೆಜೋಳದ ಹೊಲಗಳಿಗೆ ಇಳಿಯುವ ದೊಡ್ಡ ಕೆನಡಾ ಹೆಬ್ಬಾತಿಗೆ ನಾನು ಆರಿಸಿಕೊಂಡದ್ದು 12 ಗೇಜ್ (ನಳಿಗೆಯ ಒಳಗಾತ್ರದ ಅಳತೆ), 3 ಅಂಗುಲದ ತೋಟಾ, 1¼ ಔನ್ಸ್ ಬಿಬಿ ಚರೆ. ಬಿಬಿ ಎಂದರೆ 0.18 ಅಂಗುಲ ದಪ್ಪದ ಗುಂಡು. ಔನ್ಸಿಗೆ ಸುಮಾರು 72, ಒಂದು ತೋಟಾದಲ್ಲಿ ಸುಮಾರು 90. 3½ ಅಂಗುಲದ ತೋಟಾದಲ್ಲಿ 1½ ಔನ್ಸ್ ತುಂಬಿದರೆ 108 ಆಗುತ್ತದೆ. ಹದಿನೆಂಟು ಚರೆ ಹೆಚ್ಚು, ನಿಜ. ಆದರೆ ನಳಿಗೆಯ ಕೆಳಗಿನ ಹಿಡಿಯನ್ನು ಹಿಂದೆ ಮುಂದೆ ಎಳೆದು ತೋಟಾ ಬದಲಿಸುವ ಪಂಪ್ ಕೋವಿಯಲ್ಲಿ ಒದೆತವನ್ನು ನುಂಗುವ ಗ್ಯಾಸ್ ವ್ಯವಸ್ಥೆ ಇಲ್ಲ, ಪೂರ್ತಿ ಒದೆತ ಭುಜಕ್ಕೇ ಬರುತ್ತದೆ. ಒದೆತ ತಿಂದವನ ಎರಡನೇ ಈಡು ತಡವಾಗುತ್ತದೆ. ನಾಲ್ಕನೇ ತೋಟಾ ಹೊತ್ತಿಗೆ ಕೋವಿಯ ಕುದುರೆ (ಟ್ರಿಗರ್) ಎಳೆಯುವ ಮೊದಲೇ ಕಣ್ಣು ಮುಚ್ಚುವ ಚಾಳಿ ಶುರುವಾಗುತ್ತದೆ. 3½ರ ಚೇಂಬರ್ ಇದ್ದರೆ ಇರಲಿ, ಅದಕ್ಕೆಂದೇ ಹೆಚ್ಚು ದುಡ್ಡು ಕೊಡಬೇಡಿ.

ಹಳೆಯ ಕೋವಿ ಅಗ್ಗಕ್ಕೆ ಸಿಕ್ಕಿತೆಂದು ತರುವವರು ನಳಿಗೆಯ ಮೇಲಿನ ಬರಹ ಓದಲೇಬೇಕು. 2¾ ಅಂಗುಲದ ಚೇಂಬರಿನೊಳಗೆ 3 ಅಂಗುಲದ ತೋಟಾ ಕೂತುಬಿಡಬಹುದು. ಆದರೆ ತೋಟಾದ ಮಡಿಚಿದ ಬಾಯಿ ಸಿಡಿದು ಬಿಚ್ಚಿಕೊಳ್ಳುವುದಕ್ಕೆ ಅಲ್ಲಿ ಜಾಗವಿಲ್ಲ, ಒತ್ತಡ ವಿಪರೀತ ಏರುತ್ತದೆ. ಹಾಗೆಯೇ, ಬಿಚ್ಚಲಾಗದ ಫುಲ್ ಚೋಕ್ (ತುಂಬಾ ಬಿಗಿಯಾದ ತುದಿ) ಇರುವ ಹಳೆಯ ನಳಿಗೆಯಲ್ಲಿ ದಪ್ಪ ಉಕ್ಕಿನ ಚರೆ ಹಾರಿಸಿದರೆ ತುದಿ ಉಬ್ಬಬಹುದು. ತಿರುಗಿಸಿ ಬದಲಿಸುವ ಚೋಕ್ ಇರುವ ನಳಿಗೆಯೇ ಬೇಕು. ಇಂಪ್ರೂವ್ಡ್ ಸಿಲಿಂಡರ್‌ನಲ್ಲಿ ಬಿಗಿ ಸುಮಾರು 0.010 ಅಂಗುಲ, ಮಾಡಿಫೈಡ್‌ನಲ್ಲಿ 0.020. ಉಕ್ಕಿಗೆ ಈ ಎರಡೇ ಸಾಕು.

ಇನ್ನು ಹೆಸರುಗಳು. ರೆಮಿಂಗ್ಟನ್ 870ಕ್ಕೆ ಉಕ್ಕಿನ ರಿಸೀವರ್ (ಕೋವಿಯ ನಡುಮೈ), ಸೇಫ್ಟಿ ಗುಂಡಿ ಕುದುರೆಯ ಹಿಂದೆ. ಬಿಡಿಭಾಗ ಎಲ್ಲೆಂದರಲ್ಲಿ ಸಿಗುತ್ತವೆ. ಮಾಸ್‌ಬರ್ಗ್ 500 ಹಗುರ, 3 ಅಂಗುಲದ ತನಕ ಮಾತ್ರ. ಅದೇ ಮನೆಯ 835 ಮೂರೂವರೆ ಅಂಗುಲದ ತೋಟಾಕ್ಕೆಂದೇ ಹುಟ್ಟಿದ್ದು, ನಳಿಗೆಯ ಒಳಗಾತ್ರ 10 ಗೇಜಿನಷ್ಟು ಅಗಲ. ಎರಡರಲ್ಲೂ ಸೇಫ್ಟಿ ಹೆಬ್ಬೆರಳಿಗೆ ಸಿಗುವಂತೆ ಮೇಲುಗಡೆ ಇದೆ, ಎಡಗೈಯವರಿಗೆ ಅನುಕೂಲ. ಬ್ರೌನಿಂಗ್ ಬಿಪಿಎಸ್ ಖಾಲಿ ತೋಟಾವನ್ನು ಕೆಳಗೆ ಉದುರಿಸುತ್ತದೆ. ಹೊಲದಲ್ಲಿ ಹಕ್ಕಿಗೆ ಕಾಯುತ್ತ ಪಕ್ಕದಲ್ಲಿ ಮಲಗಿದವನ ಮುಖಕ್ಕೆ ಬಿಸಿ ತೋಟಾ ಹಾರುವುದಿಲ್ಲ. ಬೆನೆಲ್ಲಿ ನೋವಾ ಪ್ಲಾಸ್ಟಿಕ್ ಮೈಯದು, ಕೆಸರಿಗೆ ಜಗ್ಗದು. ಅದರ ಫೋರೆಂಡಿನ (ಹಿಂದೆ ಮುಂದೆ ಎಳೆಯುವ ಹಿಡಿ) ಗುಂಡಿ ಒತ್ತಿ ಹಿಡಿದರೆ ಮೆಗಜೀನಿನಿಂದ (ತೋಟಾ ತುಂಬಿಡುವ ಕೊಳವೆ) ಹೊಸದು ಬಾರದಂತೆ ಚೇಂಬರಿನ ತೋಟಾವನ್ನಷ್ಟೇ ತೆಗೆಯಬಹುದು, ಬೇಲಿ ದಾಟುವಾಗ ಇದರ ಬೆಲೆ ಗೊತ್ತಾಗುತ್ತದೆ. ಇವುಗಳಲ್ಲಿ ಯಾವುದನ್ನು ತಂದರೂ ನಷ್ಟವಿಲ್ಲ. ಮೈಗೆ ಹೊಂದದಿದ್ದರೆ ಮಾತ್ರ ಎಲ್ಲವೂ ನಷ್ಟವೇ.

ಹೊಂದಿಕೆ ನೋಡುವುದು ಹೀಗೆ. ಬೇಟೆಗೆ ತೊಡುವ ದಪ್ಪ ಜಾಕೆಟ್ಟು, ಕೈಗವಸುಗಳನ್ನೇ ಹಾಕಿಕೊಂಡು ಅಂಗಡಿಗೆ ಹೋಗಿ. ಸೆಪ್ಟೆಂಬರಿನ ಸೆಕೆಯಲ್ಲಿ ಜನ ನಕ್ಕರೆ ನಗಲಿ. ಕೋವಿ ಖಾಲಿ ಇದೆಯೆಂದು ಕಣ್ಣಿನಲ್ಲೂ ಬೆರಳಿನಲ್ಲೂ ನೋಡಿಕೊಳ್ಳಿ. ಕಣ್ಣು ಮುಚ್ಚಿ ಭುಜಕ್ಕೆ ಏರಿಸಿ, ಕೆನ್ನೆ ಊರಿ, ಕಣ್ಣು ತೆರೆಯಿರಿ. ನಳಿಗೆಯ ಮೇಲ್ಪಟ್ಟಿ ತೆಳುವಾಗಿ ಕಂಡು ತುದಿಯ ಮಣಿ ನಡುವೆ ನಿಂತಿರಬೇಕು. ಪಟ್ಟಿ ತುಂಬಾ ಕಂಡರೆ ಈಡು ಮೇಲೆ ಹೋಗುತ್ತದೆ. ಮಣಿಯೇ ಕಾಣದಿದ್ದರೆ ಕೆಳಗೆ. ಕಾರ್ಖಾನೆಯ ಸ್ಟಾಕ್ (ಭುಜಕ್ಕೆ ಊರುವ ಹಿಂಭಾಗ) ಬಹುಪಾಲು 14 ಅಂಗುಲದ ಆಸುಪಾಸು ಇರುತ್ತದೆ. ಜಾಕೆಟ್ಟಿನ ದಪ್ಪ ಸೇರಿದರೆ ಅದು ಕಂಕುಳಿಗೆ ಸಿಕ್ಕಿಕೊಳ್ಳುತ್ತದೆ, ಅದರಲ್ಲೂ ಹೊಲದಲ್ಲಿ ಅಂಗಾತ ಮಲಗಿ ಥಟ್ಟನೆ ಎದ್ದು ಕೂತು ಹೊಡೆಯುವಾಗ. ಚಳಿಗಾಲಕ್ಕೆ ಅರ್ಧ ಅಂಗುಲ ಗಿಡ್ಡ ಮಾಡಿಸಿಕೊಂಡರೆ ಲೇಸು. ನಳಿಗೆ 28 ಅಂಗುಲ ನನ್ನ ಆಯ್ಕೆ. 26 ಆದರೂ ಚರೆಯ ವೇಗದಲ್ಲಿ ಹೇಳಿಕೊಳ್ಳುವ ವ್ಯತ್ಯಾಸವಿಲ್ಲ, ಹಕ್ಕಿಯ ಹಿಂದೆ ಕೋವಿ ಬೀಸುವಾಗಿನ ಓಲಾಟ ಮಾತ್ರ ಬೇರೆ.

ಕೋವಿ ತಂದ ಮೇಲೆ ಕಾಗದದ ಮೇಲೆ ಪರೀಕ್ಷೆ ಮಾಡದೆ ಹಕ್ಕಿಯ ಕಡೆ ತಿರುಗಿಸಬೇಡಿ. 40 ಗಜ ದೂರದಲ್ಲಿ 4 ಅಡಿ ಅಗಲದ ಕಾಗದ, ನಡುವೆ ಒಂದು ಚುಕ್ಕೆ. ಪ್ರತಿ ಚೋಕ್‌ಗೂ ಮೂರು ಈಡು, ಪ್ರತಿ ಸಲ ಹೊಸ ಕಾಗದ. ಚರೆ ದಟ್ಟವಾದ ಕಡೆ 30 ಅಂಗುಲ ವ್ಯಾಸದ ವೃತ್ತ ಎಳೆದು ತೂತು ಎಣಿಸಿ. ನಾನು ಇಟ್ಟುಕೊಂಡ ಅಳತೆ 55. ಅಂದರೆ 90ರಲ್ಲಿ ಶೇ. 61. ಅದಕ್ಕಿಂತ ಕಡಿಮೆ ಬಂದರೆ ಚೋಕ್ ಬಿಗಿ ಮಾಡುವ ಮೊದಲು ತೋಟಾದ ಕಂಪನಿ ಬದಲಿಸಿ ನೋಡಿ. ಒಂದೇ ನಳಿಗೆಯಲ್ಲಿ ಎರಡು ಕಂಪನಿಗಳ ತೋಟಾ ಅಣ್ಣತಮ್ಮಂದಿರಷ್ಟೂ ಹೋಲುವುದಿಲ್ಲ. ದಟ್ಟಣೆಯ ನಡುಬಿಂದು ಚುಕ್ಕೆಯಿಂದ ಆರೇಳು ಅಂಗುಲ ಸರಿದಿದ್ದರೆ ದೋಷ ಚೋಕ್‌ನದಲ್ಲ, ಸ್ಟಾಕ್‌ನ ಹೊಂದಿಕೆಯದು. ಹೊಲದಲ್ಲಿ ಹಕ್ಕಿಗಳನ್ನು ಸೆಳೆಯಲು ಇಡುವ ಕೊನೆಯ ಬೊಂಬೆ ಹೆಬ್ಬಾತನ್ನು 40 ಹೆಜ್ಜೆಗೆ ನಿಲ್ಲಿಸಿ; ಅದರಾಚೆಗಿನ ಹಕ್ಕಿ ನಿಮ್ಮದಲ್ಲ.

ಪಂಪ್ ಕೋವಿಯ ದೊಡ್ಡ ಕಾಯಿಲೆ ಅರ್ಧ ಎಳೆತ. ಗಡಿಬಿಡಿಯಲ್ಲಿ ಫೋರೆಂಡನ್ನು ಪೂರ್ತಿ ಹಿಂದಕ್ಕೆ ತರದೆ ಮುಂದೂಡಿದರೆ ಖಾಲಿ ತೋಟಾ ಹೊರಗೆ ಬೀಳುವುದಿಲ್ಲ, ಇಲ್ಲವೇ ಹೊಸದು ಅಡ್ಡ ಸಿಕ್ಕಿಕೊಳ್ಳುತ್ತದೆ. ಡಮ್ಮಿ ತೋಟಾ ಹಾಕಿಕೊಂಡು ಮನೆಯಲ್ಲಿ ದಿನಕ್ಕೆ ಐವತ್ತು ಸಲ, ಕೆನ್ನೆ ಎತ್ತದೆ, ಹಿಂದಿನ ಗೋಡೆಗೆ ಬಡಿಯುವಂತೆ ಎಳೆದು ರೂಢಿಸಿಕೊಳ್ಳಿ. ಎರಡನೆಯದು ಎಣ್ಣೆ. ಸೊನ್ನೆಗಿಂತ 15 ಡಿಗ್ರಿ ಕೆಳಗಿನ ಚಳಿಯಲ್ಲಿ ದಪ್ಪ ಎಣ್ಣೆ ಅಂಟಾಗಿ ಫೈರಿಂಗ್ ಪಿನ್ (ತೋಟಾವನ್ನು ಕುಟ್ಟಿ ಹೊತ್ತಿಸುವ ಸೂಜಿ) ನಿಧಾನವಾಗುತ್ತದೆ. ಕುದುರೆ ಎಳೆದರೆ ಟಕ್ ಎಂಬ ಸದ್ದಷ್ಟೇ. ಆಗ ನಳಿಗೆಯನ್ನು ನಿರಪಾಯದ ಕಡೆಗೇ ಹಿಡಿದು ಒಂದು ನಿಮಿಷ ಕಾದು ತೆರೆಯಿರಿ. ಬೋಲ್ಟಿನ (ಚೇಂಬರ್ ಮುಚ್ಚುವ ಭಾಗ) ಎಣ್ಣೆ ಪೂರ್ತಿ ಒರೆಸಿ, ಚಳಿಗೆ ತಕ್ಕ ತೆಳು ಎಣ್ಣೆ ಒಂದೆರಡು ಹನಿ ಮಾತ್ರ ಬಿಡಿ. ನಳಿಗೆಯ ಬಾಯಿಗೆ ಹಿಮವೋ ಕೆಸರೋ ಹೊಕ್ಕಿರುವ ಅನುಮಾನ ಬಂದರೆ ತೋಟಾ ತೆಗೆದು ಇಣುಕದೆ ಮುಂದುವರಿಯಬಾರದು, ನಳಿಗೆ ಒಡೆಯುತ್ತದೆ.

ಅಮೆರಿಕದ ಕಾನೂನಿನ ಪ್ರಕಾರ ಈ ಬೇಟೆಯ ಕೋವಿಯಲ್ಲಿ ಒಟ್ಟು ಮೂರೇ ತೋಟಾ ಇರಬಹುದು, ಮೆಗಜೀನಿನಲ್ಲಿ ಎರಡು, ಚೇಂಬರಿನಲ್ಲಿ ಒಂದು. ಪೆಟ್ಟಿಗೆಯೊಂದಿಗೆ ಬರುವ ಮರದ ಅಥವಾ ಪ್ಲಾಸ್ಟಿಕ್ ಕಡ್ಡಿಯನ್ನು ಮೆಗಜೀನಿನಿಂದ ತೆಗೆಯಬೇಡಿ; ಹಳೆಯ ಕೋವಿಯಾದರೆ ಅದು ಒಳಗಿದೆಯೇ ನೋಡಿ. 25 ಡಾಲರಿನ ಫೆಡರಲ್ ಡಕ್ ಸ್ಟ್ಯಾಂಪ್ (ಬಾತು, ಹೆಬ್ಬಾತು ಬೇಟೆಯ ಪರವಾನಗಿ ಚೀಟಿ) 16 ತುಂಬಿದ ಎಲ್ಲರಿಗೂ ಬೇಕು. ನಮ್ಮವರು ಎಡವುವುದು ಮಾತ್ರ ಇನ್ನೊಂದು ಕಡೆ: ಎಚ್-1ಬಿಯಂಥ ವೀಸಾದಲ್ಲಿ ಇರುವವರು ಕೋವಿಯನ್ನಷ್ಟೇ ಅಲ್ಲ, ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ. ಅಮೆರಿಕದ ಯಾವುದಾದರೂ ರಾಜ್ಯದ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಉಂಟು. ಹಾಗಾಗಿ ಲೈಸೆನ್ಸ್ ಮೊದಲು, ಕೋವಿ ಆಮೇಲೆ. ಅವಧಿ ಮುಗಿಯುವ ದಿನವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ. ಊರಿಗೆ ಬಂದಾಗ ಗದಗಿನ ಮಾಗಡಿ ಕೆರೆಯ ಪಟ್ಟೆತಲೆ ಹೆಬ್ಬಾತುಗಳನ್ನು ಬೈನಾಕ್ಯುಲರಿನಲ್ಲಿ ನೋಡುವುದಷ್ಟೇ. ಬೇಟೆಯನ್ನು ನಿಷೇಧಿಸುವ 1972ರ ವನ್ಯಜೀವಿ ಕಾಯ್ದೆ ಕೊಡಗಿನಲ್ಲಿ ಕೋವಿ ಲೈಸೆನ್ಸಿನಿಂದ ವಿನಾಯಿತಿ ಇರುವ ಮನೆಗಳಿಗೂ ಅನ್ವಯಿಸುತ್ತದೆ.