ಭಾಗವತರ ತಾಳದ ಹಿಂದೆ ರೀಪರ್‌ನ ಗ್ರಿಡ್

ಬದಿಯಡ್ಕದ ಹತ್ತಿರ ನಮ್ಮ ಮನೆಯ ಚಾವಡಿಯಲ್ಲಿ ಯಕ್ಷಗಾನದ ತೆಂಕುತಿಟ್ಟಿನ (ತೆಂಕಣ ಶೈಲಿಯ) ಪದಗಳನ್ನು, ಅಂದರೆ ಹಾಡುಗಳನ್ನು, ರೆಕಾರ್ಡ್ ಮಾಡುತ್ತೇನೆ. ಹೆಚ್ಚಿನವು ಭಾಗವತಿಕೆ (ಹಾಡುಗಾರಿಕೆ), ಚೆಂಡೆ, ಮದ್ದಳೆ ಕಲಿಯುವ ಮಕ್ಕಳ ಅಭ್ಯಾಸಕ್ಕೆ. ಬಳಸುವುದು ರೀಪರ್ ಎಂಬ, ಕಂಪ್ಯೂಟರಿನಲ್ಲಿ ಧ್ವನಿ ಮುದ್ರಿಸಿ ತಿದ್ದುವ ತಂತ್ರಾಂಶ. ಹೊಸ ಪ್ರಾಜೆಕ್ಟ್ ತೆರೆದರೆ ಅದು ನಿಮಿಷಕ್ಕೆ 120 ಬೀಟು, 4/4 ಎಂದು ತೋರಿಸುತ್ತದೆ. ಭಾಗವತರಿಗೆ ಹೆಡ್‌ಫೋನ್ ಕೊಟ್ಟು, ಟಿಕ್ ಟಿಕ್ ಕೇಳಿಸಿ ಹಾಡಿಸುವವರೂ ಇದ್ದಾರೆ. ನನಗದು ಒಪ್ಪಿಗೆಯಿಲ್ಲ. ನಿಧಾನಕ್ಕೆ ಹೊರಟ ಪದ ಮುಕ್ತಾಯದ ಹೊತ್ತಿಗೆ ಕಾಲ ಏರಿಸಿಕೊಳ್ಳುವುದರಲ್ಲೇ ಹಿಮ್ಮೇಳದ ಜೀವವಿದೆ. ಹಾಗಾಗಿ ಮೊದಲು ಹಾಡು; ಬೀಟುಗಳನ್ನು ತೋರಿಸುವ ಗೆರೆಗಳ ಸಾಲು, ಅಂದರೆ ಗ್ರಿಡ್, ಆಮೇಲೆ.

ರೆಕಾರ್ಡ್ ಮಾಡುವಾಗ ಭಾಗವತರು ತಾಳಕ್ಕೆ ಬಡಿಯುವ ಜಾಗಟೆಗೆ ಪ್ರತ್ಯೇಕ ಮೈಕ್ ಇಡುತ್ತೇನೆ. ಅದರ ಧ್ವನಿ ಹೇಗೂ ಹಾಡಿನ ಮೈಕ್‌ಗೆ ಬರುತ್ತದೆ, ಮಿಕ್ಸಿಂಗ್‌ಗೆ ಈ ಟ್ರ್ಯಾಕ್ ಬೇಕೆಂದಿಲ್ಲ. ಆದರೆ ಪ್ರತಿ ಪೆಟ್ಟೂ ತರಂಗಚಿತ್ರದಲ್ಲಿ ಚೂಪಾಗಿ ಎದ್ದು ಕಾಣುತ್ತದೆ. ಟ್ಯಾಬ್ ಕೀಲಿ ಒತ್ತಿದರೆ ಕರ್ಸರ್ ಒಂದು ಪೆಟ್ಟಿನಿಂದ ಮುಂದಿನ ಪೆಟ್ಟಿಗೆ ಹಾರುತ್ತದೆ.

ಈ ಪೆಟ್ಟುಗಳ ಮೇಲೆ ಟೆಂಪೋ (ವೇಗ) ಗುರುತು ಹಾಕಿ ಗ್ರಿಡ್ ಹೊಂದಿಸುವ ಮೊದಲು ಒಂದು ಕೆಲಸ ಇದೆ. ಪ್ರಾಜೆಕ್ಟ್ ಸೆಟ್ಟಿಂಗ್ಸ್‌ನಲ್ಲಿ ಟೈಮ್‌ಬೇಸ್ ‘ಬೀಟ್ಸ್’ ಎಂದಿದ್ದರೆ ಅದನ್ನು ‘ಟೈಮ್’ ಎಂದು ಬದಲಿಸಬೇಕು. ಇಲ್ಲದಿದ್ದರೆ ಟೆಂಪೋ ಮುಟ್ಟಿದಾಗಲೆಲ್ಲ ಹಾಡಿರುವ ಆಡಿಯೋವೇ ಎಳೆದುಕೊಂಡು ಜಾಗ ಬಿಡುತ್ತದೆ. ನಮಗೆ ಹಾಡು ಅಲ್ಲಾಡದೆ ಗೆರೆ ಮಾತ್ರ ಸರಿಯಬೇಕು.

ಮೀಟರಿನ (4/4ರಂಥದ್ದರ) ಮೇಲಿನ ಅಂಕೆ ತಾಳದ ಅಕ್ಷರಗಳ, ಅಂದರೆ ಎಣಿಕೆಗಳ, ಲೆಕ್ಕ: ಏಕಕ್ಕೆ 4, ರೂಪಕಕ್ಕೆ 6, ತ್ರಿವುಡೆಗೆ 7, ಝಂಪೆಗೆ 10, ಅಷ್ಟಕ್ಕೆ 14. ಕೆಳಗಿನ ಅಂಕೆಯನ್ನು ಯಾವಾಗಲೂ 4 ಇಡುತ್ತೇನೆ. ಆಗ ಒಂದು ಅಕ್ಷರಕ್ಕೆ ಒಂದೇ ಬೀಟು, ಗೊಂದಲವಿಲ್ಲ. ತ್ರಿವುಡೆಯನ್ನು ಮೂರು, ಎರಡು, ಎರಡು ಎಂದು ಎಣಿಸುವಾಗ ಮೆಟ್ರೊನೋಮಿನ ಒತ್ತು 1, 4, 6ನೆಯ ಬೀಟಿಗೆ ಬೀಳಬೇಕು. ಒತ್ತು ಎಲ್ಲಿ ಎಂಬುದನ್ನು ಭಾಗವತರನ್ನೇ ಕೇಳಿಕೊಳ್ಳುವುದು ಒಳ್ಳೆಯದು.

ಟೆಂಪೋದ ಲೆಕ್ಕ ಸುಲಭ. ಅಕ್ಷರಗಳ ಸಂಖ್ಯೆಯನ್ನು 60ರಿಂದ ಗುಣಿಸಿ, ಒಂದು ಆವರ್ತಕ್ಕೆ (ತಾಳದ ಒಂದು ಸುತ್ತಿಗೆ) ಹಿಡಿದ ಸೆಕೆಂಡುಗಳಿಂದ ಭಾಗಿಸಿದರಾಯಿತು. ಝಂಪೆಯ ಒಂದು ಆವರ್ತ 6 ಸೆಕೆಂಡಿನಲ್ಲಿ ಮುಗಿದರೆ ಟೆಂಪೋ 100. ಅದೇ ಪದದ ಕೊನೆಯಲ್ಲಿ ಆವರ್ತ 4 ಸೆಕೆಂಡಿಗೆ ಇಳಿದರೆ 150. ಆವರ್ತದ ಮೊದಲ ಪೆಟ್ಟಿನ ಮೇಲೆ ಕರ್ಸರ್ ನಿಲ್ಲಿಸಿ ಶಿಫ್ಟ್ ಮತ್ತು ಸಿ ಒತ್ತಿದರೆ ಟೆಂಪೋ ಗುರುತಿನ ಕಿಟಕಿ ತೆರೆಯುತ್ತದೆ. ತಾಳ ಬದಲಾಗುವ ಕಡೆ ಅಲ್ಲಿಯೇ ಮೀಟರನ್ನೂ ಬದಲಿಸಬಹುದು. ಸಾಹಿತ್ಯ ತಾಳದ ನಡುವೆ ಎಲ್ಲಿಂದಲಾದರೂ ಎತ್ತುಗಡೆಯಾಗಬಹುದು (ಶುರುವಾಗಬಹುದು). ಆದ್ದರಿಂದ ಮೊದಲ ಗುರುತನ್ನು ಮಾತು ಶುರುವಾಗುವಲ್ಲಿ ಹಾಕುವುದಿಲ್ಲ, ತಾಳದ ಮೊದಲ ಪೆಟ್ಟಿಗೇ ಹಾಕುತ್ತೇನೆ.

ಸಮಾಧಾನದಲ್ಲಿ ಸಾಗುವ ಪದಕ್ಕೆ ಕೆಲವು ಆವರ್ತಗಳಿಗೊಮ್ಮೆ ಗುರುತು ಸಾಕು. ಯುದ್ಧದ ಏರುಪದಕ್ಕೆ ಪ್ರತಿ ಆವರ್ತಕ್ಕೂ ಬೇಕು. ಎರಡು ಗುರುತುಗಳ ನಡುವೆ ಟೆಂಪೋ ಮೆಲ್ಲನೆ ಏರುವಂತೆ ಮಾಡುವ ಆಯ್ಕೆ ಅದೇ ಕಿಟಕಿಯಲ್ಲಿದೆ. ಹಾಗೆ ಮಾಡಿದರೆ ಮಾತ್ರ ಮೇಲಿನ ಲೆಕ್ಕ ಪೂರ್ತಿ ಹೊಂದುವುದಿಲ್ಲ, ಕಿವಿ ಕೊಟ್ಟು ಅಲ್ಪಸ್ವಲ್ಪ ತಿದ್ದಬೇಕು. ಆವರ್ತದ ಒಳಗೆ ಮದ್ದಳೆಗಾರರು ಮಾಡುವ ಸಣ್ಣ ಎಳೆತ, ಒತ್ತುಗಳನ್ನು ಗೆರೆಗೆ ಕೂಡಿಸಲು ನಾನು ಹೋಗುವುದಿಲ್ಲ. ಕೂಡಿಸಿದರೆ ನುಡಿತದ ಸೊಗಸೇ ಹೋಗುತ್ತದೆ.

ಗ್ರಿಡ್ ಸಿದ್ಧವಾದರೆ ಇನ್ಸರ್ಟ್ ಮೆನುವಿನಿಂದ ಕ್ಲಿಕ್ ಸೋರ್ಸ್, ಅಂದರೆ ಟಿಕ್ ಟಿಕ್ ಸದ್ದು, ಸೇರಿಸುತ್ತೇನೆ. ಅದು ಭಾಗವತರ ಕಾಲದ ಜೊತೆಗೇ ಏರುತ್ತದೆ. ಆಮೇಲೆ ಬಂದು ಚಕ್ರತಾಳ ಹಾಕುವವರಿಗೂ ದಾರಿ ಸಿಗುತ್ತದೆ. ಬೇಕಾದ ಆವರ್ತವನ್ನು ಕರಾರುವಾಕ್ಕಾಗಿ ಹಿಡಿದು ಮತ್ತೆ ಮತ್ತೆ ಕೇಳಿಸಬಹುದು.

ಮಕ್ಕಳಿಗೆ ನಿಧಾನದ ಪ್ರತಿ ಬೇಕಾದಾಗ ವೇಗ 0.8ಕ್ಕೆ ಇಳಿಸುತ್ತೇನೆ. ಶ್ರುತಿ ಉಳಿಸುವ ಆಯ್ಕೆ ಆನ್ ಆಗಿರಲೇಬೇಕು, ಇಲ್ಲವಾದರೆ ಶ್ರುತಿ ಸುಮಾರು 4 ಸ್ವರಸ್ಥಾನ ಕೆಳಗಿಳಿಯುತ್ತದೆ. ಹಾಡಿನ ಧ್ವನಿ ಇಷ್ಟು ಎಳೆತವನ್ನು ತಾಳಿಕೊಳ್ಳುತ್ತದೆ. ಚೆಂಡೆಯ ಬಿರುಸಿನ ನುಡಿತ ಮಾತ್ರ ಕಲಸಿಹೋಗುತ್ತದೆ, ಕೋಲು ಬಿದ್ದ ಚುರುಕು ಉಳಿಯುವುದಿಲ್ಲ. ಅದಕ್ಕೇ ಚೆಂಡೆ ಕಲಿಯುವವರ ಪ್ರತಿಯಲ್ಲಿ ಹಾಡನ್ನು ಮಾತ್ರ ನಿಧಾನಿಸಿ ಹೆಡ್‌ಫೋನಿನಲ್ಲಿ ಕೇಳಿಸುತ್ತೇನೆ, ಚೆಂಡೆಯವರು ಆ ಕಾಲಕ್ಕೆ ಹೊಸದಾಗಿ ನುಡಿಸುತ್ತಾರೆ.